ಘಟ್ಟ ಹತ್ತಿದವರು, ಮನೆ ಕಾದವರು

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮೊದಲ ಸಲ ಓದಿದಾಗ ನನಗೆ ಇಪ್ಪತ್ತು ವರ್ಷ. ಈಗ ಮೂವತ್ನಾಲ್ಕು. ನಡುವೆ ಮೂರು ಕಂಪನಿ, ನಾಲ್ಕು ಬಾಡಿಗೆ ಮನೆ, ಒಂದು ಹೋಮ್ ಲೋನ್ ಬಂದು ಹೋದವು (ಲೋನ್ ಇನ್ನೂ ಹೋಗಿಲ್ಲ ಬಿಡಿ). ಆಗ ಮೊಮ್ಮಗ ರಾಮನ ಕಥೆಯನ್ನೇ ಹಿಡಿದುಕೊಂಡು ಓದಿದ್ದೆ. ಓದಿದ ಹುಡುಗ, ಊರೂರು ಅಲೆದು ಕೊನೆಗೆ ಹಳ್ಳಿಗೆ ವಾಪಸ್ ಬರ್ತಾನೆ. ಆ ವಯಸ್ಸಿಗೆ ಇನ್ನೇನು ಬೇಕು? ಈ ಸಲ ಓದುವಾಗ ಮಾತ್ರ ಕಣ್ಣು ಬೇರೆ ಕಡೆ ನಿಂತಿತು.

ಓದದವರಿಗೆ ಎರಡು ಮಾತು. ಇದು ಕೋಟದ ಹತ್ತಿರದ ಕೋಡಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮನೆ. ಅಜ್ಜ ರಾಮ ಐತಾಳರದ್ದು ಪೌರೋಹಿತ್ಯ. ಅವರ ಮಗ ಲಚ್ಚ ಇಂಗ್ಲಿಷ್ ಓದಿ ಕೆಟ್ಟವನು. ಲಚ್ಚನ ಮಗನೇ ರಾಮ. ನೆರೆಮನೆಯ ಶೀನಮಯ್ಯರ ಸಂಸಾರಕ್ಕೆ ಬೆಂಗಳೂರಿನ ಹೋಟೆಲ್ ದುಡ್ಡು ಬರತೊಡಗಿದ ಮೇಲೆ ಐತಾಳರ ಹೊಟ್ಟೆಯಲ್ಲಿ ಹುಳಿ ಹಿಂಡಿದಂತಾಗುತ್ತದೆ. ಹೌದು, ಕಾದಂಬರಿಯ ಒಂದು ಬೇರು ನಮ್ಮ ಬೆಂಗಳೂರಿನಲ್ಲೇ ಇದೆ.

ಇದು ಬರೀ ಕಥೆ ಅಲ್ಲ. ಕೋಟದ ಪಕ್ಕದ ಪಾರಂಪಳ್ಳಿಯಿಂದ ಮಯ್ಯ ಸಹೋದರರು ನಿಜವಾಗಿಯೂ ಬೆಂಗಳೂರಿಗೆ ಬಂದರು. ಮೊದಲು ಮನೆಗಳಲ್ಲಿ ಅಡುಗೆ ಮಾಡಿದರು, 1924ರಲ್ಲಿ ಲಾಲ್‌ಬಾಗ್ ಸಮೀಪ ಒಂದು ಸಣ್ಣ ಹೋಟೆಲ್ ಶುರುವಾಯಿತು. ಅದೇ ಇವತ್ತಿನ ಎಂಟಿಆರ್. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದ ವೆಂಕಟರಮಣ ಉರಾಳರೂ ಅದೇ ಸೀಮೆಯವರು. ಐತಾಳ, ಮಯ್ಯ, ಉರಾಳ, ಕಾರಂತ: ಹೆಸರು ಕೇಳಿದರೇ ಸಾಕು, ಕೋಟ ಅಂತ ಗೊತ್ತಾಗುತ್ತೆ.

ಆ ಕಾಲದಲ್ಲಿ ಇದು ಸಣ್ಣ ಪ್ರಯಾಣ ಆಗಿರಲಿಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗೋವರೆಗೆ ಕರಾವಳಿ ಮದ್ರಾಸಿಗೆ ಸೇರಿತ್ತು, ಬೆಂಗಳೂರು ಮೈಸೂರಿಗೆ. ಭಾಷೆ ಒಂದೇ ಆದರೂ ಸರ್ಕಾರ ಬೇರೆ. ಘಟ್ಟ ಹತ್ತಿಸುವ ರೈಲೂ ಇರಲಿಲ್ಲ. ಊರಿನಲ್ಲಿ ಗದ್ದೆ ಕಡಿಮೆ, ಉಣ್ಣುವ ಬಾಯಿ ಜಾಸ್ತಿ. ಕೈಯಲ್ಲಿದ್ದ ಬಂಡವಾಳ ಅಂದರೆ ಅಡುಗೆ. ಅದರ ಜೊತೆ ಜಾತಿಯೂ ಕೆಲಸ ಮಾಡಿತು ಅನ್ನೋದನ್ನು ಮರೆಯೋ ಹಾಗಿಲ್ಲ. ಯಾರ ಕೈಯಲ್ಲಿ ಯಾರು ಉಣ್ಣಬಹುದು ಅಂತ ಲೆಕ್ಕ ಹಾಕುತ್ತಿದ್ದ ಸಮಾಜದಲ್ಲಿ ಬ್ರಾಹ್ಮಣ ಅಡುಗೆಯವನಿಗೆ ಬಾಗಿಲು ಸುಲಭವಾಗಿ ತೆರೆಯುತ್ತಿತ್ತು. ಹೋಟೆಲುಗಳ ಬೋರ್ಡಿನ ಮೇಲೆ ಜಾತಿಯ ಹೆಸರು ಇರುತ್ತಿದ್ದುದು ಸುಮ್ಮನೆ ಅಲ್ಲ.

ಹೀಗೆ ಬಂದವರನ್ನೆಲ್ಲ ಹಿಡಿಸಿಕೊಳ್ಳೋಕೆ ಊರು ದಕ್ಷಿಣಕ್ಕೆ ಬೆಳೆಯಿತು. ಸೌತ್ ಎಂಡ್ ಸರ್ಕಲ್ ಅನ್ನೋ ಹೆಸರೇ ಹೇಳುತ್ತೆ, ಒಂದು ಕಾಲಕ್ಕೆ ಪಟ್ಟಣ ಅಲ್ಲಿಗೆ ಮುಗಿಯುತ್ತಿತ್ತು. 1948ರಲ್ಲಿ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಆಮೇಲೆ ಜೆ.ಪಿ. ನಗರ, ಬನಶಂಕರಿ, ಬಿಟಿಎಂ. ಬಿಟಿಎಂ ಅಂದರೆ ಏನು ಅಂತ ಅಲ್ಲಿ ಪಿ.ಜಿ.ಯಲ್ಲಿರೋ ಗೆಳೆಯರನ್ನು ಕೇಳಿ ನೋಡಿ. ಭೈರಸಂದ್ರ, ತಾವರೆಕೆರೆ, ಮಡಿವಾಳ: ಮೂರು ಹಳ್ಳಿಗಳನ್ನು ಮೂರು ಅಕ್ಷರಕ್ಕೆ ಇಳಿಸಿದ್ದೇವೆ. ನಾವು ಊರು ಬಿಟ್ಟು ಬಂದೆವು ಅಂತ ಕೊರಗುತ್ತೇವಲ್ಲ, ಆ ಹಳ್ಳಿಯವರು ಎಲ್ಲಿಗೂ ಹೋಗಲಿಲ್ಲ. ಊರೇ ಅವರನ್ನು ಬಿಟ್ಟು ಹೋಯಿತು.

ಈಗ ಬದುಕಿನ ಅರ್ಥದ ಪ್ರಶ್ನೆಗೆ ಬರೋಣ. ಆಫೀಸಿನ ಊಟದ ಹೊತ್ತಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಬಂದೇ ಬರುತ್ತೆ: ‘ಇದೆಲ್ಲ ಯಾಕಪ್ಪ? ಬಿಟ್ಟು ಹೋಗಿ ತೋಟ ಮಾಡೋಣ.’ ಕನಕಪುರ ರಸ್ತೆಯಲ್ಲಿ ಕಾಲು ಎಕರೆ, ಎರಡು ಆಕಳು, ಮೂಲೆಯಲ್ಲಿ ವೈಫೈ. ‘ಮರಳಿ ಮಣ್ಣಿಗೆ’ ಅನ್ನೋ ಶೀರ್ಷಿಕೆಯನ್ನು ಈ ಕನಸಿನ ಜಾಹೀರಾತಿಗೆ ಅಂಟಿಸಿಬಿಡಬಹುದು. ಆದರೆ ಕಾರಂತರ ರಾಮ ದಣಿದು ವಿಶ್ರಾಂತಿಗೆ ಬಂದವನಲ್ಲ. ಅವನು ಓದಿದ, ಸ್ವಾತಂತ್ರ್ಯ ಚಳವಳಿಗೆ ಸೇರಿ ಜೈಲು ಕಂಡ, ಮದ್ರಾಸಿನಲ್ಲೂ ಮುಂಬಯಿಯಲ್ಲೂ ಕೆಲಸಕ್ಕೆ ಅಲೆದ. ಅದು 1930ರ ದಶಕ. ಜಗತ್ತೇ ಆರ್ಥಿಕ ಕುಸಿತದಲ್ಲಿತ್ತು, ಡಿಗ್ರಿಗೆ ಬೆಲೆ ಇರಲಿಲ್ಲ. ಗಾಂಧಿಯ ಕರೆಗೆ ಕಾಲೇಜು ಬಿಟ್ಟಿದ್ದ ಕಾರಂತರು ಆ ತಲೆಮಾರನ್ನು ಒಳಗಿಂದ ಬಲ್ಲವರು. ರಾಮನಿಗೆ ಮಣ್ಣು ಆದರ್ಶಕ್ಕಿಂತ ಮೊದಲು ಉಳಿದಿದ್ದ ಒಂದು ದಾರಿ.

ಆ ದಾರಿ ಉಳಿದಿದ್ದು ಹೇಗೆ? ನನ್ನ ಕಣ್ಣು ನಿಂತಿದ್ದು ಇಲ್ಲೇ. ಐತಾಳರ ವಿಧವೆ ತಂಗಿ ಸರಸೋತಿ, ಮಕ್ಕಳಿಲ್ಲದ ಮೊದಲ ಹೆಂಡತಿ ಪಾರೋತಿ. ಐತಾಳರು ಪೌರೋಹಿತ್ಯಕ್ಕೆ ಓಡಾಡಿಕೊಂಡಿದ್ದರೆ ಗದ್ದೆ, ಸೌದೆ, ಅಡುಗೆ ಎಲ್ಲ ಈ ಇಬ್ಬರ ತಲೆ ಮೇಲೆ. ಲಚ್ಚ ಆಸ್ತಿ ಕರಗಿಸಿದ ಮೇಲೆ ಅವನ ಹೆಂಡತಿ ನಾಗವೇಣಿ ಉಳಿದದ್ದನ್ನು ಹಿಡಿದುಕೊಂಡಳು. ರಾಮ ಮರಳೋಕೆ ಮಣ್ಣು ಅಂತ ಒಂದಿದ್ದದ್ದು ಈ ಹೆಂಗಸರು ಅದನ್ನು ಕೈಬಿಡದೆ ಇದ್ದುದರಿಂದ.

ಅವರನ್ನು ದೇವಿಯರನ್ನಾಗಿ ಮಾಡಿ ಕೈಮುಗಿದು ಎದ್ದುಬಿಡೋದು ಸುಲಭ. ಕಾರಂತರು ಹಾಗೆ ಮಾಡುವುದಿಲ್ಲ. ಸರಸೋತಿಗೆ ಬೇರೆ ಬದುಕೇ ಇರಲಿಲ್ಲ, ಆ ಕಾಲದ ವಿಧವೆಗೆ ‘ನನ್ನ ಬದುಕಿನ ಗುರಿ ಏನು’ ಅಂತ ಕೇಳಿಕೊಳ್ಳುವ ಹಕ್ಕೂ ಇರಲಿಲ್ಲ. ಆ ಪ್ರಶ್ನೆ ಕೇಳಿಕೊಳ್ಳುವ ಪುರುಸೊತ್ತು ಸಿಕ್ಕಿದ್ದು ರಾಮನಿಗೆ, ಈಗ ನಮಗೆ. ಆ ಪುರುಸೊತ್ತಿನ ಖರ್ಚನ್ನು ಯಾರೋ ಭರಿಸಿರುತ್ತಾರೆ. ನನ್ನ ಮಟ್ಟಿಗೆ, ಊರಿನ ಮನೆಯ ತೆರಿಗೆ ಕಟ್ಟಿ, ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸುವ ಅಮ್ಮ ಭರಿಸುತ್ತಾ ಇದ್ದಾರೆ.

ಹಾಗಾಗಿ ‘ನಾನು ಎಲ್ಲಿಗೆ ಹೋಗಬೇಕು’ ಅನ್ನೋದಕ್ಕಿಂತ ‘ನಾನು ಏನನ್ನು ಕಾಯ್ತಾ ಇದ್ದೀನಿ’ ಅನ್ನೋ ಪ್ರಶ್ನೆ ಈಗ ನನಗೆ ಹೆಚ್ಚು ಬೇಕಾಗಿದೆ. ಅದಕ್ಕೆ ಕೆಲಸ ಬಿಡಬೇಕಾಗಿಲ್ಲ, ಘಟ್ಟ ಇಳಿಯಬೇಕಾಗಿಯೂ ಇಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಮಾಡಿಕೊಂಡು ನೋಡಿಕೊಳ್ಳೋಕೆ ಶುರು ಮಾಡಿದರು. ಅಪಾರ್ಟ್‌ಮೆಂಟಿನ ಜನ ಸೇರಿ, ಹೆಸರಿನಲ್ಲಿ ಮಾತ್ರ ಉಳಿದಿರೋ ಒಂದು ಹಳ್ಳಿಯ ಕೆರೆಯನ್ನು ಕಾದರು. ಈಗ ಅಲ್ಲಿ ನೀರಿದೆ, ಹಕ್ಕಿಗಳು ಬರುತ್ತವೆ.