ಕಾರ್ಣಿಕ: ಒಂದು ನುಡಿ, ಹಲವು ಅರ್ಥ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ಅನೇಕ ರೈತ ಕುಟುಂಬಗಳು ವರ್ಷದ ಮಳೆ-ಬೆಳೆಯ ಸೂಚನೆಗಾಗಿ ಪಂಚಾಂಗದೊಡನೆ ಕಾರ್ಣಿಕದ ನುಡಿಗೂ ಕಿವಿಗೊಡುತ್ತವೆ. ನಗರಗಳಲ್ಲಿ ಟ್ಯಾರೋ ಓದುವವರು ಮೂರು ಎಲೆಗಳನ್ನು ಹರಡಿ ಭೂತ, ವರ್ತಮಾನ, ಭವಿಷ್ಯವನ್ನು ಹೇಳುವರು. ಇಲ್ಲಿ ದೊರೆಯುವುದು ಒಂದೇ ವಾಕ್ಯ.

ಎಲ್ಲಿ, ಯಾವಾಗ?

ತುಂಗಭದ್ರೆಯ ಆಚೆ ದಡದಲ್ಲಿ, ವಿಜಯನಗರ ಜಿಲ್ಲೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಡೆಂಕನಮರಡಿಯಲ್ಲಿ ಕಾರ್ಣಿಕ ನಡೆಯುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಸಂದರ್ಭದಲ್ಲಿ ಜರುಗುತ್ತದೆ. ಉಪವಾಸ ವ್ರತದಲ್ಲಿರುವ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಲೇ ಜನಸ್ತೋಮ ಸ್ತಬ್ಧವಾಗುತ್ತದೆ. ನುಡಿ ಮುಗಿದೊಡನೆ ಅವರು ಮೇಲಿನಿಂದ ಕೆಳಕ್ಕೆ ಬೀಳುತ್ತಾರೆ, ಭಕ್ತರು ಹಿಡಿದುಕೊಳ್ಳುತ್ತಾರೆ.

ಅರ್ಥೈಸುವ ಬಗೆ

ನುಡಿಯು 'ಪರಾಕ್' ಎಂದು ಕೊನೆಗೊಳ್ಳುತ್ತದೆ. ಕ್ರಿಯಾಪದ ಸಾಮಾನ್ಯವಾಗಿ ಭೂತಕಾಲದಲ್ಲಿದ್ದರೂ ಕೇಳುಗರು ಅದನ್ನು ಮುಂದಾಗುವುದರ ಸೂಚನೆ ಎಂದೇ ಗ್ರಹಿಸುತ್ತಾರೆ. ನುಡಿಯಲ್ಲಿನ ವಸ್ತುಗಳನ್ನು ಮೊದಲು ಮಳೆ-ಬೆಳೆಗೆ, ಬಳಿಕ ರಾಜಕಾರಣಕ್ಕೆ ಹೊಂದಿಸಲಾಗುತ್ತದೆ. 2025ರಲ್ಲಿ ಮೈಲಾರದಲ್ಲಿ ಕೇಳಿಬಂದ 'ತುಂಬಿದ ಕೊಡ ತುಳುಕಿತಲೇ ಪರಾಕ್' ಎಂಬುದನ್ನು ಸಮೃದ್ಧಿಯೆಂದು ಓದಬಹುದು. ತುಳುಕಿದ್ದು ನಷ್ಟವೆಂದೂ ಹೇಳಬಹುದು.

2023ರ 'ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್' ಎಂಬ ನುಡಿ ಇನ್ನೂ ಜಟಿಲ. ಅಂಬಲಿ ಬಡವರ ಆಹಾರ. ಕಂಬಳಿ ಕುರುಬರ ಕಸುಬಿನ ಗುರುತು. ಮಳೆಯಲ್ಲಿ ರೈತರು ಹೊದೆಯುವ ಕೊಪ್ಪೆಯೂ ಹೌದು. ಆ ಮೇ ತಿಂಗಳಲ್ಲಿ ಸರ್ಕಾರ ಬದಲಾಗಿ, ಕುರುಬ ಸಮುದಾಯದ ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಕಂಬಳಿಯನ್ನು ಅಧಿಕಾರವೆಂದು ಓದಿದವರಿಗೆ ನುಡಿ ನಿಜವಾಯಿತು. ಮಳೆಯೆಂದು ಓದಿದವರಿಗೆ ಸುಳ್ಳಾಯಿತು.

ರೈತರ ಪಾಲಿಗೆ

ಗೋವಿನಜೋಳ, ಹತ್ತಿ, ಭತ್ತದ ಬಿತ್ತನೆಗೆ ಬೀಜ-ಗೊಬ್ಬರದ ಸಾಲ ಮಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಯಾವ ಹೋಬಳಿಗೆ, ಯಾವ ವಾರದಲ್ಲಿ, ಎಷ್ಟು ಮಳೆ ಎಂಬುದನ್ನು ಕಾರ್ಣಿಕ ಹೇಳುವುದಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆ ಹಾಗೂ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದ ಸಲಹೆಗಳಿವೆ. ನುಡಿಯನ್ನು ಭಕ್ತಿಯಿಂದ ಕೇಳಿದವರೂ ಬೀಜ ಕೊಳ್ಳುವ ಮುನ್ನ ಇವನ್ನು ವಿಚಾರಿಸುವುದು ಒಳಿತು.