ಹೊಸ ರೋಗಿಗಳ ಎಣಿಕೆ: ಬೆಂಗಳೂರು ಜಿಲ್ಲೆಯ ಕ್ಷಯರೋಗ ಸಮೀಕ್ಷೆ (1961–68)

ರೋಗಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಯ ದಾಖಲೆಗಳನ್ನು ಅವಲಂಬಿಸುತ್ತಾರೆ. ಚನ್ನಗಿರಿ, ಹೊನ್ನಾಳಿಗಳಂತಹ ಯಾವುದೇ ತಾಲ್ಲೂಕಿನ ಆಸ್ಪತ್ರೆಯ ದಾಖಲೆ ಬಂದವರ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು, ಅವರು ಎಷ್ಟು ಜನರ ನಡುವಿನಿಂದ ಬಂದರೆಂಬುದನ್ನು ತಿಳಿಸದು. ಈ ಕೊರತೆಯನ್ನು ನೀಗಿಸಲು ಕರ್ನಾಟಕದಲ್ಲಿ ನಡೆದ ಮಹತ್ವದ ಪ್ರಯತ್ನವೊಂದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡದ್ದು 1959ರಲ್ಲಿ. 1960–61ರಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆದ ಅದರ ಸಮೀಕ್ಷೆಯಿಂದ ಆಗ ಇದ್ದ ರೋಗಿಗಳ ಪ್ರಮಾಣ ತಿಳಿಯಿತು. ಆದರೆ ಒಂದೇ ಬಾರಿ ನಡೆಸುವ ಸಮೀಕ್ಷೆಯಲ್ಲಿ ಹಳೆಯ ರೋಗಿಗಳೂ ಹೊಸ ರೋಗಿಗಳೂ ಒಂದೇ ಲೆಕ್ಕಕ್ಕೆ ಸೇರುತ್ತಾರೆ. ವರ್ಷಕ್ಕೆ ಎಷ್ಟು ಮಂದಿ ಹೊಸದಾಗಿ ರೋಗಕ್ಕೆ ತುತ್ತಾಗುತ್ತಾರೆಂಬುದನ್ನು, ಅಂದರೆ ಸಂಭವ ದರವನ್ನು ಅರಿಯಲು ಅದೇ ಜನರ ಬಳಿಗೆ ಮತ್ತೆ ಮತ್ತೆ ಹೋಗಬೇಕು. ಅದಕ್ಕಾಗಿ ಸಂಸ್ಥೆಯು ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಗ್ರಾಮಗಳನ್ನು ಆಯ್ದು, ಸುಮಾರು 62,000 ಜನರನ್ನು 1961ರಿಂದ 1968ರವರೆಗೆ ನಾಲ್ಕು ಸುತ್ತುಗಳಲ್ಲಿ ಸಮೀಕ್ಷಿಸಿತು. ಟ್ಯುಬರ್ಕ್ಯುಲಿನ್ ಪರೀಕ್ಷೆ, ಎದೆಯ ಕ್ಷ-ಕಿರಣ ಚಿತ್ರ ಮತ್ತು ಕಫ ಪರೀಕ್ಷೆ ಅದರ ಸಾಧನಗಳಾಗಿದ್ದವು.

ಲೆಕ್ಕದ ತತ್ತ್ವ ಸರಳವಾದುದು. ಹಿಂದಿನ ಸುತ್ತಿನಲ್ಲಿ ರೋಗವಿಲ್ಲದೆ ಇದ್ದು, ಮುಂದಿನ ಸುತ್ತಿನಲ್ಲಿ ರೋಗ ಕಂಡುಬಂದವರು ಅಂಶ. ಹಾಗೆ ರೋಗವಿಲ್ಲದೆ ಇದ್ದು ಮತ್ತೆ ಪರೀಕ್ಷೆಗೊಳಗಾದವರೆಲ್ಲರೂ ಛೇದ. ತೊಡಕಿರುವುದು ಛೇದದಲ್ಲಿ. ಊರು ಬಿಟ್ಟವರು, ಪರೀಕ್ಷೆಗೆ ಸಿಗದವರು ಅದರಿಂದ ಹೊರಗುಳಿಯುತ್ತಾರೆ. ಎರಡು ಸುತ್ತುಗಳ ನಡುವೆ ರೋಗ ತಗುಲಿ ಸತ್ತವರು ಅಂಶದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಆದ್ದರಿಂದ ದೊರೆತ ದರ ವಾಸ್ತವಕ್ಕಿಂತ ಕಡಿಮೆಯಿರುವ ಸಂಭವವುಂಟು.

1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ವರದಿಯಂತೆ, ಒಂದು ಲಕ್ಷ ಜನರಲ್ಲಿ ಕಫದಲ್ಲಿ ರೋಗಾಣುವಿದ್ದವರು 337ರಿಂದ 406. ವರ್ಷಕ್ಕೆ ಹೊಸದಾಗಿ ಸೇರುತ್ತಿದ್ದವರು 79ರಿಂದ 132. ಒಂದು ಕಾಲದಲ್ಲಿ ಕಾಣುವ ರೋಗಿಗಳ ಸಂಖ್ಯೆ ಸರಿಸುಮಾರು ಮೂರು-ನಾಲ್ಕು ವರ್ಷಗಳ ಹೊಸ ರೋಗಿಗಳಿಗೆ ಸಮವೆಂದಾಯಿತು. ಹಾಗಾದರೆ ಹಳೆಯ ರೋಗಿಗಳು ಏನಾಗುತ್ತಿದ್ದರು?

ಮೊದಲ ಸುತ್ತಿನಲ್ಲಿ ಪತ್ತೆಯಾಗಿ ಐದು ವರ್ಷ ಅನುಸರಿಸಲ್ಪಟ್ಟ 126 ಮಂದಿಯಲ್ಲಿ ಶೇ. 49.2ರಷ್ಟು ಜನ ಮೃತಪಟ್ಟರು, ಶೇ. 32.5ರಷ್ಟು ಗುಣಮುಖರಾದರು, ಉಳಿದ ಶೇ. 18.3ರಷ್ಟು ಜನರ ಕಫದಲ್ಲಿ ರೋಗಾಣು ಉಳಿದೇ ಇತ್ತು. ಆ ಗ್ರಾಮಗಳಲ್ಲಿ ಆಗ ವ್ಯವಸ್ಥಿತ ಕ್ಷಯ ನಿಯಂತ್ರಣ ಕಾರ್ಯಕ್ರಮವಿರಲಿಲ್ಲ. ಮನೆಯಲ್ಲಿದ್ದುಕೊಂಡೇ ಔಷಧದಿಂದ ಗುಣಹೊಂದಬಹುದೆಂಬುದನ್ನು ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರವು 1959ರಲ್ಲಿಯೇ ತೋರಿಸಿಕೊಟ್ಟಿತ್ತು. ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಆರಂಭವಾಗಿತ್ತು. ರೋಗದ ಸಹಜ ಗತಿಯನ್ನು ಕುರಿತ ಈ ಅಮೂಲ್ಯ ಜ್ಞಾನಕ್ಕೆ ಆ ಹಳ್ಳಿಗರು ತೆತ್ತ ಬೆಲೆಯನ್ನು ಚರಿತ್ರೆಕಾರರು ಮರೆಯುವಂತಿಲ್ಲ. ದರವನ್ನು ಉದ್ಧರಿಸುವಾಗಲೆಲ್ಲ, ಅದರ ಅಂಶ-ಛೇದಗಳಲ್ಲಿ ಸೇರಿದವರು ಯಾರು, ಬಿಟ್ಟುಹೋದವರು ಯಾರು ಎಂದು ಕೇಳುವುದೇ ಅವರ ಋಣವನ್ನು ಸ್ಮರಿಸುವ ಮೊದಲ ಹೆಜ್ಜೆ.