ರಾಜ್ಯವಳಿದ ಮೇಲೆ ರಾಯಭಾರಿ: ಜಿಕಾರ್ ಪಾತ್ರದ ಒಂದು ಪರಿಶೀಲನೆ

ರಾಯಭಾರಿಯ ಅಧಿಕಾರವು ಅವನ ಸ್ವಂತದ್ದಲ್ಲ. ಅವನನ್ನು ಕಳುಹಿಸಿದ ರಾಜ್ಯದ್ದು. ಅವನು ಪರರ ಸಭೆಯಲ್ಲಿ ಎದ್ದು ನಿಂತಾಗ ಕೇಳುವವರು ಮನ್ನಿಸುವುದು ಅವನ ಬೆನ್ನ ಹಿಂದಿರುವ ಸೈನ್ಯವನ್ನು, ಬೊಕ್ಕಸವನ್ನು, ಪ್ರಜಾಸಮೂಹವನ್ನು. ಹಾಗಾದರೆ ಆ ರಾಜ್ಯವೇ ಅಳಿದುಹೋದ ದಿನ ರಾಯಭಾರಿಯು ಏನಾಗುತ್ತಾನೆ? ರಾಜತಂತ್ರದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಸಾಗುತ್ತಾರೆ. ಇದನ್ನು ನಡುಮನೆಗೆ ತಂದು ಕುಳ್ಳಿರಿಸಿದ ಕೃತಿಗಳಲ್ಲಿ ಅಮೆರಿಕದ ಒಂದು ದೂರದರ್ಶನ ಮಾಲಿಕೆಯೂ ಸೇರಿದೆ. 1994ರಿಂದ 1998ರವರೆಗೆ ಪ್ರಸಾರವಾದ ‘ಬ್ಯಾಬಿಲಾನ್ 5’ ಎಂಬುದೇ ಅದು. ಅದರ ಕರ್ತೃವಾದ ಜೆ. ಮೈಕೆಲ್ ಸ್ಟ್ರಜಿನ್ಸ್ಕಿಯವರು 110 ಕಂತುಗಳ ಪೈಕಿ ಬಹುಪಾಲನ್ನು ತಾವೇ ಬರೆದರು.

ವಿಜ್ಞಾನ ಕಥೆಯೊಂದರ ಅನ್ಯಗ್ರಹವಾಸಿಯು ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಪ್ರವೇಶ ಪಡೆಯುವುದು ಕೆಲವರಿಗೆ ವಿನೋದವೆಂದು ತೋರೀತು. ಆದರೆ ಮೌರ್ಯರ ಕಾಲಕ್ಕೆ ಎಷ್ಟೋ ಶತಮಾನಗಳ ಅನಂತರ ರಚಿತವಾದ ‘ಮುದ್ರಾರಾಕ್ಷಸ’ವನ್ನು ರಾಜನೀತಿಯ ವಿಚಾರಕ್ಕಾಗಿ ಓದಲು ನಾವು ಎಂದೂ ಹಿಂಜರಿದವರಲ್ಲ. ನಾಟಕವು ನಡೆದುದಕ್ಕೆ ಸಾಕ್ಷ್ಯವಾಗಲಾರದು, ನಿಜ. ಬರೆದವನ ಕಾಲವು ರಾಜ್ಯವೆಂದರೆ ಏನೆಂದು ಬಗೆದಿತ್ತು ಎಂಬುದಕ್ಕಾದರೋ ಅದು ಒಳ್ಳೆಯ ಸಾಕ್ಷ್ಯ.

ಕಥೆಯು ಕ್ರಿ. ಶ. 2258ರಿಂದ ಆರಂಭವಾಗುತ್ತದೆ. ಭೂಮಿಯವರಿಗೂ ಮಿನ್‍ಬಾರಿ ಎಂಬ ಜನಕ್ಕೂ ನಡೆದ ಘೋರ ಯುದ್ಧದ ತರುವಾಯ, ಮತ್ತೊಂದು ಯುದ್ಧವು ಒದಗದಂತೆ ಮಾಡುವುದಕ್ಕಾಗಿ, ನಾನಾ ಲೋಕಗಳ ಪ್ರತಿನಿಧಿಗಳು ಕೂಡುವ ಒಂದು ನಿಲ್ದಾಣವನ್ನು ಆಕಾಶದಲ್ಲಿ ಕಟ್ಟಲಾಗಿದೆ. ಅಲ್ಲಿಯ ಸಲಹಾ ಪರಿಷತ್ತಿನಲ್ಲಿ ನಾರ್ನ್ ರಾಜ್ಯದ ರಾಯಭಾರಿ ಜಿಕಾರ್. ಅವನ ಎದುರಾಳಿಯು ಸೆಂಟಾರಿ ಗಣರಾಜ್ಯದ ರಾಯಭಾರಿ ಲೊಂಡೋ ಮೊಲ್ಲಾರಿ. ಗಣರಾಜ್ಯವೆಂದು ಹೆಸರಿದ್ದರೂ ಸೆಂಟಾರಿಗಳನ್ನು ಆಳುವವನು ಚಕ್ರವರ್ತಿಯೇ. ಇಂಥ ಹೆಸರುಗಳು ಭೂಮಿಯ ಚರಿತ್ರೆಯಲ್ಲಿಯೂ ವಿರಳವಲ್ಲ. ಜಿಕಾರನ ಪಾತ್ರವನ್ನು ಆಂಡ್ರಿಯಾಸ್ ಕಟ್ಸುಲಾಸ್ ಅವರೂ ಲೊಂಡೋ ಪಾತ್ರವನ್ನು ಪೀಟರ್ ಜುರಾಸಿಕ್ ಅವರೂ ಅಭಿನಯಿಸಿದರು.

ನಾರ್ನರು ಸುಮಾರು ಒಂದು ಶತಮಾನ ಸೆಂಟಾರಿಗಳ ದಾಸ್ಯದಲ್ಲಿದ್ದು, ಬಹುಕಾಲ ಹೋರಾಡಿ ಬಿಡುಗಡೆ ಹೊಂದಿದ ಜನ. ಬಿಡುಗಡೆಯಾದ ಮೇಲೆ ಅವರು ಸಾಧುಗಳಾಗಲಿಲ್ಲ. 1994ರ ಮೊದಲನೆಯ ಕಂತಿನಲ್ಲಿಯೇ ಅವರು ಸೆಂಟಾರಿಗಳ ಒಂದು ಕೃಷಿ ವಸಾಹತುವನ್ನು ಆಕ್ರಮಿಸುತ್ತಾರೆ. ಪರಿಷತ್ತಿನಲ್ಲಿ ಜಿಕಾರನು ಆ ಆಕ್ರಮಣವನ್ನು ನಾಚಿಕೆಯಿಲ್ಲದೆ ಸಮರ್ಥಿಸುತ್ತಾನೆ. ಆರಂಭದ ಕಂತುಗಳಲ್ಲಿ ಅವನು ಭೋಗಲಾಲಸ, ಕುಟಿಲ, ದ್ವೇಷವನ್ನೇ ನೀತಿಯೆಂದು ನಂಬಿದವನು. ನೋಡುವವನ ಅನುಕಂಪವೆಲ್ಲ ಆಗ ಲೊಂಡೋನ ಕಡೆಗೇ ಇರುತ್ತದೆ. ಈ ಕ್ರಮವು ಬಹು ಮುಖ್ಯವಾದುದು. ರಾಜ್ಯವನ್ನು ಕಳೆದುಕೊಳ್ಳುವವನು ಮೊದಲಿನಿಂದಲೂ ನಿರ್ದೋಷಿಯಾಗಿದ್ದಿದ್ದರೆ ನಮಗೆ ಉಳಿಯುತ್ತಿದ್ದುದು ಕರುಣೆಯೊಂದೇ. ನ್ಯಾಯದ ಪ್ರಶ್ನೆಯು ಏಳುತ್ತಿರಲಿಲ್ಲ.

1995ರಲ್ಲಿ ಪ್ರಸಾರವಾಗಿ ಮರುವರ್ಷ ಹ್ಯೂಗೋ ಪ್ರಶಸ್ತಿಯನ್ನು ಪಡೆದ ‘ದಿ ಕಮಿಂಗ್ ಆಫ್ ಶ್ಯಾಡೋಸ್’ ಎಂಬ ಕಂತಿನಲ್ಲಿ ಮುದಿ ಸೆಂಟಾರಿ ಚಕ್ರವರ್ತಿಯು, ತನ್ನ ವಂಶದವರು ನಾರ್ನರಿಗೆ ಮಾಡಿದ ಅಪರಾಧಕ್ಕಾಗಿ ಕ್ಷಮೆ ಯಾಚಿಸಲೆಂದು ನಿಲ್ದಾಣಕ್ಕೆ ಬರುತ್ತಾನೆ. ಅವನನ್ನು ಕೊಲ್ಲಲು ಸಿದ್ಧನಾಗಿದ್ದ ಜಿಕಾರನು, ಕುಸಿದು ಬಿದ್ದ ಚಕ್ರವರ್ತಿಯ ಸಂದೇಶವನ್ನು ಅನ್ಯರ ಬಾಯಿಂದ ಕೇಳಿ, ದ್ವೇಷವನ್ನು ಮರೆತು ಲೊಂಡೋನಿಗೆ ಪಾನೀಯವನ್ನು ಕೊಡಿಸುತ್ತಾನೆ. ಅಷ್ಟರಲ್ಲಿ ನಾರ್ನರ ಒಂದು ನೆಲೆಯ ಮೇಲೆ ದಾಳಿ ನಡೆದಿರುತ್ತದೆ. ಅದಕ್ಕೆ ಕಾರಣನು ಎದುರಿಗೆ ಕುಳಿತು ಕುಡಿಯುತ್ತಿರುವ ಲೊಂಡೋ. ಅಲ್ಲಿಂದ ಮುಂದಿನದು ಯುದ್ಧ.

ಯುದ್ಧದ ಕೊನೆಯು ಅದೇ ವರ್ಷದ ‘ದಿ ಲಾಂಗ್, ಟ್ವಿಲೈಟ್ ಸ್ಟ್ರಗಲ್’ ಎಂಬ ಕಂತಿನಲ್ಲಿದೆ. ಸೆಂಟಾರಿಗಳು ಎಲ್ಲ ನಾಗರಿಕ ಲೋಕಗಳೂ ನಿಷೇಧಿಸಿದ ಯಂತ್ರಗಳಿಂದ ನಾರ್ನರ ಮೂಲಗ್ರಹದ ಮೇಲೆ ಬಂಡೆಗಳನ್ನು ಎಸೆಯುತ್ತಾರೆ. ಲೊಂಡೋ ಅದನ್ನು ನೌಕೆಯ ಗವಾಕ್ಷಿಯಿಂದ ನೋಡುತ್ತ ನಿಲ್ಲುತ್ತಾನೆ. ನಾರ್ನರ ಆಡಳಿತ ಮಂಡಲಿಯು ಶರಣಾಗುವುದಕ್ಕೆ ಮೊದಲು ಜಿಕಾರನಿಗೆ ಒಂದು ಆಜ್ಞೆಯನ್ನು ಕಳುಹಿಸುತ್ತದೆ: ಮರಳಿ ಬರಕೂಡದು, ನಿಲ್ದಾಣದಲ್ಲಿಯೇ ಆಶ್ರಯ ಬೇಡಿ ಉಳಿಯತಕ್ಕದ್ದು. ಬಳಿಕ ಲೊಂಡೋ ಪರಿಷತ್ತಿನಲ್ಲಿ ಶರಣಾಗತಿಯ ಷರತ್ತುಗಳನ್ನು ಓದುತ್ತಾನೆ. ಒಬ್ಬ ಸೆಂಟಾರಿ ಸತ್ತರೆ 500 ನಾರ್ನರಿಗೆ ಮರಣದಂಡನೆ. ಆಡಳಿತ ಮಂಡಲಿಯ ಸದಸ್ಯರಿಗೆಲ್ಲ ಸೆರೆ, ವಿಚಾರಣೆ. ಜಿಕಾರನಿಗೆ ಪರಿಷತ್ತಿನಲ್ಲಿ ಇನ್ನು ಸ್ಥಾನವಿಲ್ಲ. ನಿಲ್ದಾಣದ ಅಧಿಪತಿಯಾದ ಶೆರಿಡನ್ನನು ಜಿಕಾರನಿಗೆ ಆಶ್ರಯವನ್ನು ಕೊಟ್ಟಿರುತ್ತಾನೆ. ಆಸನವನ್ನು ಮಾತ್ರ ಉಳಿಸಿಕೊಡಲಾರದವನಾಗುತ್ತಾನೆ. ಜಿಕಾರನು ಸ್ವಾತಂತ್ರ್ಯವನ್ನು ಕುರಿತು ಕೆಲವು ಮಾತುಗಳನ್ನಾಡಿ ಸಭೆಯಿಂದ ಹೊರನಡೆಯುತ್ತಾನೆ. ಈ ಭಾಗದಲ್ಲಿ ಕಟ್ಸುಲಾಸರ ಅಭಿನಯವು ಅತ್ಯಂತ ಸಂಯಮದ್ದು. ಕಣ್ಣೀರಿಗೆ ಅಲ್ಲಿ ಅವಕಾಶವಿಲ್ಲ.

ಇದಕ್ಕೆ ಹೋಲಿಕೆಯಾಗಿ ಥಟ್ಟನೆ ನೆನಪಿಗೆ ಬರುವುದು 1936ರ ಜೂನ್ 30. ಅಂದು ಜಿನೀವಾದ ರಾಷ್ಟ್ರಸಂಘದಲ್ಲಿ ಇಥಿಯೋಪಿಯದ ಚಕ್ರವರ್ತಿ ಹೈಲೆ ಸೆಲಾಸಿಯು ತನ್ನ ದೇಶದ ಪರವಾಗಿ ಮೊರೆಯಿಟ್ಟನು. ಇಟಲಿಯ ಪತ್ರಕರ್ತರು ಸಿಳ್ಳು ಹಾಕಿ ಅವನನ್ನು ಅಡ್ಡಿಪಡಿಸಿದರು. ಇಟಲಿಯು ವಿಷಾನಿಲವನ್ನು ನಿಷೇಧಿಸಿದ 1925ರ ಒಪ್ಪಂದಕ್ಕೆ ತಾನೇ ಸಹಿ ಹಾಕಿದ್ದರೂ ಇಥಿಯೋಪಿಯದಲ್ಲಿ ಅದನ್ನೇ ಪ್ರಯೋಗಿಸಿತ್ತು. ನಿಷಿದ್ಧ ಆಯುಧ, ಕಿವುಡಾದ ಸಭೆ, ಏಕಾಕಿಯಾದ ವಾಗ್ಮಿ: ಹೋಲಿಕೆಯು ಇಲ್ಲಿಯವರೆಗೆ ಸರಿಯಾಗಿಯೇ ಇದೆ. ಆದರೆ ಇದನ್ನು ಇನ್ನೂ ಮುಂದಕ್ಕೆ ಎಳೆಯುವುದು ಯುಕ್ತವಲ್ಲ. ಇಥಿಯೋಪಿಯದ ಚಕ್ರವರ್ತಿಯು ಶರಣಾಗತಿಪತ್ರಕ್ಕೆ ಸಹಿ ಹಾಕಿದವನಲ್ಲ. ಆದಕಾರಣವೇ 1936ರ ಸೆಪ್ಟೆಂಬರಿನಲ್ಲಿ ಕೂಡಿದ ರಾಷ್ಟ್ರಸಂಘವು, ಮನಸ್ಸಿಲ್ಲದ ಮನಸ್ಸಿನಿಂದಲಾದರೂ, ಇಥಿಯೋಪಿಯದ ಪ್ರತಿನಿಧಿಗಳನ್ನು ಸಭೆಯಲ್ಲಿ ಕುಳ್ಳಿರಿಸಿಕೊಳ್ಳಬೇಕಾಯಿತು. ಇಟಲಿಯ ವಿಜಯಕ್ಕೆ ಬ್ರಿಟನ್ ಮನ್ನಣೆಯಿತ್ತುದು 1938ರಲ್ಲಿ. ಚಕ್ರವರ್ತಿಯು 1941ರಲ್ಲಿ ತನ್ನ ರಾಜಧಾನಿಗೆ ಮರಳಿದನು.

ನಮ್ಮ ಅಭಿಪ್ರಾಯದಲ್ಲಿ ಜಿಕಾರನಿಗೆ ಹೆಚ್ಚು ಹತ್ತಿರದ ನೆಂಟರು ಬಾಲ್ಟಿಕ್ ದೇಶಗಳ ದೂತರು. 1940ರ ಮೇ 17ರಂದು, ಅಂದರೆ ಸೋವಿಯತ್ ಸೈನ್ಯವು ದೇಶವನ್ನು ಆಕ್ರಮಿಸುವುದಕ್ಕೆ ಒಂದು ತಿಂಗಳು ಮೊದಲು, ಲಾಟ್ವಿಯದ ಸರ್ಕಾರವು ಲಂಡನ್ನಿನಲ್ಲಿದ್ದ ತನ್ನ ದೂತ ಕಾರ್ಲಿಸ್ ಜಾರಿನ್ಸರಿಗೆ ತುರ್ತು ಅಧಿಕಾರಗಳನ್ನು ವಹಿಸಿಕೊಟ್ಟಿತು. ಮುಳುಗುವ ರಾಜ್ಯವು ತನ್ನ ಸತ್ತೆಯನ್ನು ಹೊರಗಿನವನೊಬ್ಬನ ಕೈಗೆ ದಾಟಿಸಿ ಮುಳುಗುವುದೆಂದರೆ ಇದೇ; ನಾರ್ನರ ಮಂಡಲಿಯು ಜಿಕಾರನಿಗಿತ್ತ ಆಜ್ಞೆಯ ಅರ್ಥವೂ ಇದೇ. ಅದೇ ವರ್ಷದ ಜುಲೈ 23ರಂದು ಅಮೆರಿಕದ ಸಮ್ನರ್ ವೆಲ್ಸ್ ಹೊರಡಿಸಿದ ಹೇಳಿಕೆಯ ಮೇರೆಗೆ ಅಮೆರಿಕವು ಆ ಆಕ್ರಮಣವನ್ನು ಮಾನ್ಯ ಮಾಡಲು ಒಪ್ಪಲಿಲ್ಲ. ಬಾಲ್ಟಿಕ್ ದೂತಾಲಯಗಳು ಅರ್ಧಶತಮಾನ ಬಾಗಿಲು ತೆರೆದೇ ಇದ್ದುವು. ಎಸ್ತೋನಿಯದ ಅರ್ನ್‌ಸ್ಟ್ ಯಾಕ್ಸನ್ ಅವರು 1965ರಿಂದ ನ್ಯೂಯಾರ್ಕಿನಲ್ಲಿ ಮುಖ್ಯ ಕಾನ್ಸಲರಾಗಿ, ಭೂಪಟದಲ್ಲಿಲ್ಲದ ದೇಶದ ಕೆಲಸವನ್ನು ನಡೆಸಿದರು. 1991ರಲ್ಲಿ ಮರಳಿ ಸ್ವತಂತ್ರವಾದ ಎಸ್ತೋನಿಯವು ಅವರನ್ನೇ ಅಮೆರಿಕದಲ್ಲಿ ತನ್ನ ರಾಯಭಾರಿಯನ್ನಾಗಿ ಮಾಡಿತು.

ಇಲ್ಲಿಯೇ ಒಂದು ಸೂಕ್ಷ್ಮ ಭೇದವಿದೆ. ಶೆರಿಡನ್ನನು ಕಾಪಾಡಿದ್ದು ಜಿಕಾರನ ಪ್ರಾಣವನ್ನು. ವೆಲ್ಸ್ ಹೇಳಿಕೆಯು ಕಾಪಾಡಿದ್ದು ದೂತರ ಪದವಿಯನ್ನು. ದೂತನು ಅವಧ್ಯನೆಂಬುದು ನಮ್ಮ ಅರ್ಥಶಾಸ್ತ್ರಕಾರನೂ ಬಲ್ಲ ಹಳೆಯ ಧರ್ಮ. ಅದು ದೇಹಕ್ಕೆ ಸಂಬಂಧಿಸಿದುದು. ರಾಜ್ಯವಳಿದ ಮೇಲೂ ಅದರ ದೂತನನ್ನು ದೂತನೆಂದೇ ಕರೆಯುವುದು ಬೇರೆ ವಿಷಯ. ಅದಕ್ಕೆ ಕರೆಯುವವನು ಗೆದ್ದವನ ಮುನಿಸನ್ನು ಸಹಿಸಬೇಕಾಗುತ್ತದೆ. ಬ್ಯಾಬಿಲಾನ್ 5ರ ಪರಿಷತ್ತು ಅದಕ್ಕೆ ಸಿದ್ಧವಿರಲಿಲ್ಲ. ಭೂಮಿಯ ಸರ್ಕಾರವಂತೂ ಆ ವರ್ಷದ ಕೊನೆಯ ಕಂತಿನಲ್ಲಿ ಸೆಂಟಾರಿಗಳೊಡನೆ ಅನಾಕ್ರಮಣ ಒಪ್ಪಂದವನ್ನೇ ಮಾಡಿಕೊಳ್ಳುತ್ತದೆ. ಅದನ್ನು ತಂದ ಅಧಿಕಾರಿಯ ಬಾಯಲ್ಲಿ 1938ರ ಚೇಂಬರ್ಲೇನರ ಮಾತಿನ ಪ್ರತಿಧ್ವನಿಯನ್ನು ಕೇಳಿಸಲಾಗಿದೆ. ಸಂಕೇತವು ಇಷ್ಟು ಸ್ಪಷ್ಟವಾಗಬೇಕಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಈ ಕಂತುಗಳು ಪ್ರಸಾರವಾದ 1995 ಸ್ರೆಬ್ರೆನಿತ್ಸದ ವರ್ಷವೂ ಹೌದು. ಪರಿಷತ್ತಿನಲ್ಲಿ ಮಿನ್‍ಬಾರಿಗಳ ರಾಯಭಾರಿಣಿ ಡೆಲೆನ್ ಆಗಿ ಕುಳಿತ ಮೀರಾ ಫುರ್ಲಾನ್ ಅವರು, ಜಾಗ್ರೆಬಿನಲ್ಲಿ ಹುಟ್ಟಿ, ಒಡೆಯುತ್ತಿದ್ದ ಯುಗೋಸ್ಲಾವಿಯವನ್ನು 1991ರಲ್ಲಿ ತೊರೆದುಬಂದವರು. ಇದರಿಂದ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ಸಲ್ಲದು. ಆದರೂ ಅಂದಿನ ಪ್ರೇಕ್ಷಕರು ಆ ಸಭೆಯನ್ನು ಕೇವಲ ಕಲ್ಪನೆಯೆಂದು ನೋಡಿರಲಾರರು.

ಆಸನವನ್ನು ಕಳೆದುಕೊಂಡ ಜಿಕಾರನು ನಿಲ್ದಾಣದಲ್ಲಿಯೇ ಇದ್ದು ಪ್ರತಿರೋಧವನ್ನು ಸಂಘಟಿಸುತ್ತಾನೆ. ಲೊಂಡೋನ ಮೇಲೆ ಬಿದ್ದು ಸೆರೆಮನೆ ಸೇರುತ್ತಾನೆ. ಅಲ್ಲಿ ಒಂದು ಗ್ರಂಥವನ್ನು ಬರೆಯುತ್ತಾನೆ. ಮುಂದೆ ಸೆಂಟಾರಿ ಚಕ್ರವರ್ತಿಯ ಸೆರೆಯಲ್ಲಿ ಅವನ ಒಂದು ಕಣ್ಣು ಹೋಗುತ್ತದೆ. ಆ ಚಕ್ರವರ್ತಿಯು ಹತನಾಗಿ ನಾರ್ನ್ ಬಿಡುಗಡೆ ಹೊಂದಿದಾಗ ಜನರು ಅವನನ್ನೇ ಒಡೆಯನನ್ನಾಗಿ ಮಾಡಲು ಮುಂದಾಗುತ್ತಾರೆ. ಅವನು ಒಲ್ಲೆನೆನ್ನುತ್ತಾನೆ. 1998ರ ಕಂತುಗಳಲ್ಲಿ, ಹೊಸದಾಗಿ ಕೂಡಿದ ಲೋಕಗಳ ಒಕ್ಕೂಟಕ್ಕೆ ತತ್ತ್ವಘೋಷಣೆಯನ್ನು ಬರೆದುಕೊಟ್ಟ ಈ ಮಾಜಿ ರಾಯಭಾರಿಯು, ಲೊಂಡೋ ತನ್ನ ದೇಶಕ್ಕೆ ಹೊರಟಾಗ ಅವನ ಅಂಗರಕ್ಷಕನಾಗಿ ಜೊತೆಯಲ್ಲಿ ಹೋಗುತ್ತಾನೆ.